ಗೋದಕ್ಕ ಕೆಂಡ ಕೊಡದ ದಿನಗಳು

ನನ್ನ ಅಮ್ಮ ಗೋದಾವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಎಮ್ಮೆಯ ಮೇಲೂ ಇರಲಿಲ್ಲ. ಕರುವಿಗೆಂದು ಹಾಲು ಬಚ್ಚಿಡುತ್ತದೆ ಎಂದು ಅದನ್ನು ಬೈದು ಎರಡನೇ ಸಲ ಕರೆಯುತ್ತಿದ್ದಳು. ಕೋಟದ ನಮ್ಮ ಕೇರಿಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಗೋದಕ್ಕ ಎನ್ನುತ್ತಿದ್ದರು. ಹಿಂದಿನಿಂದ ಏನೆನ್ನುತ್ತಾರೆಂದು ತಿಳಿಯಲು ಅವಳು ಬೇಲಿಯ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದಳು.

ಅದು ಯುದ್ಧದ ಕಾಲ. ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದೆ. ಸೀಮೆಎಣ್ಣೆಗೆ ಕಂಟ್ರೋಲ್, ಬೆಂಕಿಪೆಟ್ಟಿಗೆಯಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಗುಂಡಿ ತಿರುಗಿಸಿದರೆ ಒಲೆ ಹೊತ್ತಿಕೊಳ್ಳುತ್ತದೆ. ಆಗ ಬೆಂಕಿಯನ್ನು ಮಗುವಿನಂತೆ ಮಲಗಿಸಿ ಎಬ್ಬಿಸಬೇಕಿತ್ತು. ಊಟ ಮುಗಿದ ಮೇಲೆ ಕೆಂಡಕ್ಕೆ ತೆಂಗಿನ ಸಿಪ್ಪೆ ಒತ್ತಿ ಬೂದಿ ಮುಚ್ಚುವುದು, ಬೆಳಿಗ್ಗೆ ಕೆದಕಿ ಊದುವುದು. ನಂದಿಹೋಗಿದ್ದರೆ ಯಾರ ಮಾಡಿನಿಂದ ಹೊಗೆ ಏಳುತ್ತಿದೆ ಎಂದು ನೋಡಿ, ತೆಂಗಿನ ಗೆರಟೆ ಹಿಡಿದುಕೊಂಡು ಅವರ ಮನೆಗೆ ಹೋಗುವುದು. ದೀಪ ಹಚ್ಚಿದ ಮೇಲೆ ಮಾತ್ರ ಯಾರೂ ಬೆಂಕಿ ಕೊಡುತ್ತಿರಲಿಲ್ಲ. ಹಗಲು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ಇರಲಿಲ್ಲ.

ಆಚೆಮನೆಯ ವಾರಿಜಾಕ್ಷಿ ದಿನಾ ಬರುತ್ತಿದ್ದಳು. ಮುಂಬೈಯ ಹೋಟೆಲ್ ಕೆಲಸಕ್ಕೆ ಹೋದ ಗಂಡ ಕಮಲಾಕ್ಷನ ಸುದ್ದಿಯೇ ಇರಲಿಲ್ಲ. ಮನೆಯಲ್ಲಿ ಅವಳು ಮತ್ತು ಹಾಸಿಗೆ ಹಿಡಿದ ಅತ್ತೆ, ಇಬ್ಬರೇ.

“ಹ್ವಾಯ್ ಗೋದಕ್ಕಾ, ಒಂಚೂರ್ ಕೆಂಡ ಕೊಡ್ತ್ರ್ಯಾ?”

ಕೆಂಡ ಗೆರಟೆಗೆ ಬೀಳುವಷ್ಟರಲ್ಲಿ ಅವಳ ಕಣ್ಣು ಒಮ್ಮೆ ಅಟ್ಟದ ಕಡೆ ಹೋಗಿ ಬರುತ್ತಿತ್ತು. ಅಲ್ಲಿ ತೆಂಗಿನ ಒಣಮಡಲಿನ ಹಿಂದೆ, ನನ್ನ ಬಾಣಂತನಕ್ಕೆಂದು ಅಮ್ಮ ಅಡಗಿಸಿಟ್ಟ ಅಕ್ಕಿ ಮುಡಿಗಳಿದ್ದವು. ಹುಲ್ಲಿನ ಹಗ್ಗ ಸುತ್ತಿ ಬಿಗಿದ ಆ ಮುಡಿಗಳು, ಮನೆಮನೆಯ ಅಕ್ಕಿ ವಸೂಲು ಮಾಡುವ ಸರ್ಕಾರದ ಲೆವಿಯವರ ಕಣ್ಣಿಗೆ ಬಿದ್ದರೆ ಅವರು ಹೊತ್ತುಕೊಂಡೇ ಹೋಗುತ್ತಿದ್ದರು. ವಾರಿಜಾಕ್ಷಿಯ ಅಣ್ಣ ಲೀಲಾಧರ ಕುಂದಾಪುರದಲ್ಲಿ ಅದೇ ಲೆವಿಯವರ ಹತ್ತಿರ ಗುಮಾಸ್ತ. ಅಮ್ಮನಿಗೆ ಇಷ್ಟು ಸಾಕಾಯಿತು.

“ಅವ್ಳ್ ಕಣ್ ಎಲ್ ಹೋಯ್ತ್ ಕಂಡ್ಯಾ? ದಿನಾ ಯಾರ್ ಮನಿ ಬೆಂಕಿ ನಂದತ್ತ್? ಕೆಂಡಕ್ಕಲ್ಲ ಅವ್ಳ್ ಬಪ್ದ್!”

ಅಮ್ಮ ಎಲ್ಲರ ಬಗ್ಗೆಯೂ ಹೀಗೇ ಹೇಳುವವಳು. ಆದರೆ ಈ ಸಲ ನನಗೂ ಭಯವಾಯಿತು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು, ಹೊಸ ಬೆಳೆ ಇನ್ನೂ ಗದ್ದೆಯಲ್ಲಿತ್ತು.

ಮಳೆ ಇಳಿಮುಖವಾಗುವ ಸೋಣೆ ತಿಂಗಳಲ್ಲಿ ಲೆವಿಯವರು ಪಕ್ಕದ ಸಾಲಿಗ್ರಾಮದ ಯಾರದೋ ಅಟ್ಟ ಹತ್ತಿ ಅಕ್ಕಿ ಇಳಿಸಿದರು ಎಂಬ ಸುದ್ದಿ ಬಂತು. ಮರುದಿನ ವಾರಿಜಾಕ್ಷಿ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅಮ್ಮ ಉರಿಯುವ ಒಲೆಗೆ ಒಂದು ಚೊಂಬು ನೀರು ಸುರಿದಳು.

“ನಮ್ಮನಿದೂ ನಂದ್ ಹೋಯ್ತ್ ಮಾರಾಯ್ತಿ.”

ಚುಂಯ್ ಎಂದ ಸದ್ದು ಅಂಗಳಕ್ಕೆ ಕೇಳಿಸಿರಲೇಬೇಕು. ವಾರಿಜಾಕ್ಷಿ ಖಾಲಿ ಗೆರಟೆ ಹಿಡಿದುಕೊಂಡು ತಿರುಗಿ ಹೋದಳು. ಅಮ್ಮ ದೇವರ ದೀಪದಿಂದ ಮತ್ತೆ ಒಲೆ ಹೊತ್ತಿಸಿ, ಒದ್ದೆ ಸೌದೆಯ ಹೊಗೆಗೆ ಕೆಮ್ಮುತ್ತ ಕೂತಳು. ನನಗೆ ನಗುವೂ ಬಂತು, ಅಸಹ್ಯವೂ ಆಯಿತು.

ಆಮೇಲೆ ವಾರಿಜಾಕ್ಷಿ ಬರಲಿಲ್ಲ. ಅವಳ ಮಾಡಿನಿಂದ ಹೊಗೆಯೂ ಏಳಲಿಲ್ಲ. ಅಮ್ಮನಿಗೆ ಅದೂ ಅನುಮಾನ. ಒಲೆ ಹಚ್ಚದೆ ಉಣ್ಣುತ್ತಾಳೆಂದರೆ ಅಣ್ಣ ಬೇಯಿಸಿದ್ದನ್ನೇ ತಂದು ಕೊಡುತ್ತಿರಬೇಕು, ಸುಮ್ಮನೆ ಯಾಕೆ ಕೊಡುತ್ತಾನೆ, ಇವಳೇನೋ ಹೇಳಿಯೇ ಇರಬೇಕು. ಕಣ್ಣಾರೆ ಕಂಡೇಬಿಡುತ್ತೇನೆಂದು ಒಂದು ಬೆಳಿಗ್ಗೆ ತಾನೇ ಗೆರಟೆಗೆ ಕೆಂಡ ತುಂಬಿಕೊಂಡು ಹೊರಟಳು. ಜಗಳ ಬಿಡಿಸಲು ಯಾರಾದರೂ ಬೇಕಲ್ಲ, ನಾನೂ ಸೊಂಟ ಹಿಡಿದುಕೊಂಡು ಹಿಂದೆ ನಡೆದೆ.

ವಾರಿಜಾಕ್ಷಿಯ ಅಡುಗೆಮನೆಯಲ್ಲಿ ಅನ್ನದ ಪಾತ್ರೆ ಬೋರಲು ಮಲಗಿತ್ತು. ಒಲೆ ತಣ್ಣಗಿತ್ತು. ಅಮ್ಮ ನಾಚಿಕೆಯಿಲ್ಲದೆ ಮುಚ್ಚಳ ಎತ್ತಿದಳು, ಡಬ್ಬಿ ಅಲ್ಲಾಡಿಸಿದಳು. ಉಪ್ಪು ಸಿಕ್ಕಿತು, ಬೇರೇನೂ ಸಿಗಲಿಲ್ಲ.

“ಬೇಯ್ಸುಕೆ ಎಂತದೂ ಇಲ್ದಿದ್ರ್ ದಿನಾ ಕೆಂಡ ಎಂತಕ್ಕೆ?”

“ಹೊಗಿ ಕಾಣ್ಕಲೆ ಗೋದಕ್ಕಾ. ಹೊಗಿ ಏಳ್ದಿದ್ರ್ ಊರಿಗೆಲ್ಲ ಗೊತ್ತಾತ್ತ್. ಗೆಡ್ಡೆ ಸಿಕ್ರೆ ಬೇಯ್ಸ್ತಿದ್ದೆ, ಇಲ್ದಿದ್ರ್ ಬರೀ ನೀರ್ ಕುದಿಸ್ತಿದ್ದೆ.”

“ಮತ್ತೆ ನೀನ್ ನಮ್ಮ ಅಟ್ಟ ಎಂತಕ್ಕೆ ಕಾಂತಿದ್ದೆ?”

ವಾರಿಜಾಕ್ಷಿ ತಲೆ ತಗ್ಗಿಸಿದಳು. “ಅಕ್ಕಿ ಪರಿಮಳ ಬತ್ತಿತ್ತ್.”

ಅಮ್ಮ ಕೆಂಡವನ್ನು ಅಲ್ಲೇ ಇಟ್ಟು ಮನೆಗೆ ಓಡಿದಳು. ಹಾಡುಹಗಲೇ ಏಣಿ ಹಾಕಿ, ಸಣ್ಣದೊಂದು ಮುಡಿ ಇಳಿಸಿ, ತಲೆಯ ಮೇಲಿಟ್ಟುಕೊಂಡು ಎಲ್ಲರ ಕಣ್ಣೆದುರೇ ಬಂದಳು. ನನ್ನ ಅಮ್ಮನೇ ಹೌದೋ ಎಂದು ನಾನು ನೋಡುತ್ತ ನಿಂತೆ. ಆದರೆ ವಾರಿಜಾಕ್ಷಿ ಬಾಗಿಲಿಗೆ ಅಡ್ಡ ನಿಂತಳು.

“ಬ್ಯಾಡ ಗೋದಕ್ಕಾ. ಲೆವಿಯವ್ರ್ ಬತ್ರ್ ಅಂದೇಳಿ ನಮ್ಮನಿ ಒಳ್ಗ್ ಅಡಗ್ಸುಕೆ ತಂದದ್ದಲ್ದಾ? ಸಿಕ್ರೆ ನನ್ನ ಕಳ್ಳಿ ಅಂತ್ರಿ.”

ಅಮ್ಮನ ಮುಖ ಕಪ್ಪಿಟ್ಟಿತು. ಬೈದು ಹೊರಟುಹೋಗುತ್ತಾಳೆ ಎಂದುಕೊಂಡೆ. ಅವಳು ಮುಡಿಯನ್ನು ಜಗಲಿಯ ಮೇಲೆ ಇಳಿಸಿ, ಮೂಲೆಯಲ್ಲಿದ್ದ ಕತ್ತಿ ತೆಗೆದು ಹಗ್ಗ ಕೊಯ್ದೇಬಿಟ್ಟಳು. ಒಮ್ಮೆ ಕೊಯ್ದ ಮುಡಿಯನ್ನು ಹಾಗೆಯೇ ಮತ್ತೆ ಕಟ್ಟಲಾಗುವುದಿಲ್ಲ, ಅಡಗಿಸಲೂ ಆಗುವುದಿಲ್ಲ. ಅಕ್ಕಿ ಜಗಲಿಯ ತುಂಬ ಹರಡಿತು. ಅಮ್ಮ ಸೇರಿನಷ್ಟು ಬಾಚಿಕೊಂಡು ಒಳಗೆ ಹೋಗಿ, ಒಲೆ ಹಚ್ಚಿ ಗಂಜಿಗಿಟ್ಟಳು.

ಯಾರ ಮನೆಯಲ್ಲೂ ನೀರು ಸಹ ಮುಟ್ಟದವಳು ನನ್ನ ಅಮ್ಮ. ಏನು ಬೆರೆಸಿರುತ್ತಾರೋ ಎಂಬ ಸಂಶಯ. ಗಂಜಿ ಬೆಂದ ಮೇಲೆ ವಾರಿಜಾಕ್ಷಿ ಒಂದು ಬಟ್ಟಲು ತುಂಬಿ ಅವಳ ಮುಂದೆಯೇ ಇಟ್ಟಳು.

“ಮೊದ್ಲ್ ನೀವ್ ಉಣ್ಣಿ.”

ಅಮ್ಮ ಬಟ್ಟಲೆತ್ತಿ ಕುಡಿದಳು. ವಾರಿಜಾಕ್ಷಿ ಅವಳ ಗಂಟಲನ್ನೇ ನೋಡುತ್ತಿದ್ದು, ಗಂಜಿ ಕೆಳಗಿಳಿದ ಮೇಲೆ ಅತ್ತೆಗೆ ಬಡಿಸಿದಳು.