ಗಂಜಿ ಹಾಕಿದ ಪಟ್ಟಿ

ಆ ಹಿಂದಿನ ಬಾಗಿಲು ತೆರೆದದ್ದನ್ನು ನೆನೆದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ಅರವತ್ತರ ದಶಕದ ಮಾತು. ನಾನು ಇಚಲಕರಂಜಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದೆ. ಎತ್ತಿನ ತಲೆ ಬಿಗಿಯುವ ಚೌಕಟ್ಟು ಬೇಕೆಂದು ಕೊಲ್ಹಾಪುರದ ದನದ ಡಾಕ್ಟರು ಕರೆಸಿದಾಗ ನಕ್ಕಿದ್ದೆ. ಅವರಿಗೆ ಎಲ್ಲಿಂದಲೋ ಹಳೆಯ ಎಕ್ಸ್‌ರೇ ಯಂತ್ರವೊಂದು ಸಿಕ್ಕಿತ್ತು. ಗಡಹಿಂಗ್ಲಜದ ರೈತನೊಬ್ಬನ ಎತ್ತಿಗೆ ಕಣ್ಣಂಚಿನಲ್ಲಿ ಗಡ್ಡೆ ಎದ್ದಿತ್ತು. ಅದನ್ನು ವಾರಕ್ಕೊಮ್ಮೆ ಕಿರಣದಿಂದ ಸುಡಬೇಕು, ತಲೆ ಬೆರಳಿನಷ್ಟು ಅಲ್ಲಾಡಿದರೂ ಕಣ್ಣೇ ಹೋಗುತ್ತದೆ ಎಂದರು.

ರೈತ ಜೈನ. ಎತ್ತಿಗೆ ಚರ್ಮದ ಪಟ್ಟಿ ಮುಟ್ಟಿಸಬೇಡಿ ಎಂದ. ನಾನು ನೂಲಿನ ಪಟ್ಟಿ ಹೊಲಿಸಿದೆ. ಅದು ಜಗ್ಗಬಾರದಲ್ಲ, ಮಗ್ಗದ ಹಾಸಿನ ನೂಲಿಗೆ ಹಾಕುವಂತೆ ದಪ್ಪಗೆ ಗಂಜಿ ಹಾಕಿ ಒಣಗಿಸಿದೆ. ಎತ್ತು ಅತ್ತಿತ್ತ ನೋಡದಿರಲಿ ಎಂದು ಎರಡೂ ಬದಿಗೆ ಎತ್ತರದ ಹಲಗೆ ನಿಲ್ಲಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ದಿನ ಎತ್ತು ನಾಲಗೆ ಚಾಚಿ ಕತ್ತು ತಿರುವಿತು. ಡಾಕ್ಟರು ಕೂಡಲೇ ಯಂತ್ರ ನಿಲ್ಲಿಸಿದರು. ನಾನು ತಿರುಪು ಬಿಗಿ ಮಾಡಿದೆ. ಮುಂದಿನ ಸಲದಿಂದ ಅದು ಗುಡಿಯ ಬಸವಣ್ಣನಂತೆ ನಿಂತಿತು. ನನ್ನ ಚೌಕಟ್ಟಿನ ಸುದ್ದಿಯನ್ನು ಪಕ್ಕದೂರು ಕೊರೋಚಿಯತನಕ ಹೇಳಿಕೊಂಡು ತಿರುಗಿದೆ.

ಯಂತ್ರ ನಡೆಯುವಾಗ ಒಳಗೆ ಯಾರೂ ಇರಬಾರದೆಂದು ಡಾಕ್ಟರು ಮರಾಠಿಯಲ್ಲಿ ಹೇಳುತ್ತಿದ್ದರು. ರೈತನಿಗೆ ಅದು ತಿಳಿಯದೆಂದುಕೊಂಡು ನಾನು ಕನ್ನಡದಲ್ಲಿ ಹೇಳುತ್ತಿದ್ದೆ: "ಕಟ್ಟಿದ ಮ್ಯಾಲ ಹಿಂದಿನ ಬಾಗಲಿಂದ ಹೊರಗ ಹೋಗ್ರಿ. ಆ ಕಿರಣ ಮೈ ಸುಡತೈತಿ."

"ಹೌದ್ರಿ," ಎನ್ನುತ್ತಿದ್ದ.

ಆರನೆಯ ಸಲ ಯಂತ್ರ ನಿಂತ ಕೂಡಲೇ ನಾನು ಮೊದಲ ಬಾರಿಗೆ ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ನನ್ನ ಹಲಗೆಯ ಮರೆಯಲ್ಲಿ ರೈತ ಕುಳಿತಿದ್ದ. ಎತ್ತು ಅವನ ಬಲ ಅಂಗೈಯಲ್ಲಿ ಮೂತಿ ಇಟ್ಟುಕೊಂಡಿತ್ತು. ಆ ಕೈಯ ಚರ್ಮ ಮಣಿಕಟ್ಟಿನವರೆಗೆ ಕೆಂಪಾಗಿ ಸುಲಿದಿತ್ತು.

"ಇಲ್ಲೇನ್ ಮಾಡಾಕತ್ತೀರಿ?"

"ನಿಮ್ಮ ಪಟ್ಟಿಗೆ ಗಂಜಿ ವಾಸನಿ ಐತ್ರಿ ಮಿಸ್ತ್ರಿ. ಅದನ್ನ ನೆಕ್ಕಾಕ ಹೊಳ್ಳತೈತಿ. ಅಂಗೈ ಹಿಡದ್ರ ಸುಮ್ನ ನಿಂದರತೈತಿ."

"ನನಗ್ಯಾಕ ಹೇಳಲಿಲ್ರಿ?"

"ಭಾಳ ಆಸ್ಥೆಯಿಂದ ಮಾಡಿದ್ರಿ. ಹೆಂಗ್ ಹೇಳೂದು?"

ಡಾಕ್ಟರು ಓಡಿಬಂದು ಆ ಕೈ ನೋಡಿ ಬಿಳಿಚಿಕೊಂಡರು. "ಕಿತೀ ವೇಳಾ?" ಎಂದು ಕೇಳಿದರು. ಎಷ್ಟು ಸಲ ಎಂದು ನಾನು ಕನ್ನಡದಲ್ಲಿ ಹೇಳುವ ಮೊದಲೇ ರೈತ ಆ ಕೈಯನ್ನು ಎತ್ತಿ ಐದೂ ಬೆರಳು ತೋರಿಸಿದ. ಅವನಿಗೆ ಮರಾಠಿ ಬರುತ್ತಿತ್ತು. ಆ ಎಚ್ಚರಿಕೆಯನ್ನು ಪ್ರತಿ ಸಲವೂ ಎರಡೆರಡು ಬಾರಿ ಕೇಳಿಸಿಕೊಂಡೇ ಅವನು ಒಳಗೆ ಕುಳಿತಿದ್ದ.

ಅಂಗೈ ಸರಿದದ್ದೇ ಎತ್ತು ನನ್ನ ಪಟ್ಟಿಯ ಕಡೆಗೆ ನಾಲಗೆ ಚಾಚಿತು.