ಪೆಟ್ರೋಲ್ ವಾಸನೆ ಹಿಡಿದ ಮೂಗು

ಮದುವೆಯಾಗಿ ಹಲವು ವರ್ಷಗಳಾದ ಮೇಲೆ ನಾವೊಂದು ಹಳೆಯ ಕಾರು ಕೊಂಡೆವು. ಕೆಂಪು ಬಣ್ಣದ ಚಿಕ್ಕ ಗಾಡಿ. ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬಿ ಮುಚ್ಚಿದ ಹಾಗೆ ಸದ್ದು. ಜೆಪ್ಪುವಿನ ನಮ್ಮ ಮನೆಯ ಗೇಟಿನೊಳಗೆ ಅದನ್ನು ತರಬೇಕಾದರೆ ಕನ್ನಡಿಗಳನ್ನು ಮಡಚಬೇಕು. ಆದರೂ ನನಗೆ ಅದರ ಮೇಲೆ ಜೀವ. ಭಾನುವಾರ ಅದನ್ನು ತೊಳೆಯುತ್ತ ನಿಂತರೆ ಅಮ್ಮ ತಿಂಡಿಗೆ ಕರೆದದ್ದೂ ಕೇಳಿಸುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಬಿಕರ್ನಕಟ್ಟೆಯ ಅಕ್ಕನ ಮನೆಗೆ ಹೊರಟಿದ್ದೆವು. ಏರು ಹತ್ತುವಾಗ ಹೆಂಡತಿ ಶಾಲಿನಿಂದ ಮೂಗು ಮುಚ್ಚಿಕೊಂಡು, ಪೆಟ್ರೋಲ್ ವಾಸನೆ ಬರುತ್ತಿದೆ ಎಂದಳು. ನಾನು ಉಸಿರೆಳೆದು ನೋಡಿದೆ. ನನಗೆ ಸಿಕ್ಕಿದ್ದು ಹಳೆಯ ರೆಕ್ಸಿನ್ ಸೀಟಿನ ವಾಸನೆ ಮಾತ್ರ. ಅಕ್ಕನ ಮನೆ ತಲುಪುವ ಹೊತ್ತಿಗೆ ಅವಳ ಮುಖ ಬಿಳಿಚಿತ್ತು, ಚಹಾವನ್ನೂ ಮುಟ್ಟಲಿಲ್ಲ.

ಮರುದಿನ ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಬಾನೆಟ್ ತೆಗೆದು ಪೈಪುಗಳನ್ನೆಲ್ಲ ಮುಟ್ಟಿ ನೋಡಿದರು, ಟ್ಯಾಂಕಿನ ಮುಚ್ಚಳಕ್ಕೆ ಹೊಸ ವಾಶರ್ ಹಾಕಿಕೊಟ್ಟರು. ಬೇರೇನೂ ಕಾಣಿಸುವುದಿಲ್ಲ ಎಂದರು. ಹೆಂಡತಿ ಹತ್ತಿ ಕುಳಿತವಳೇ ಇಳಿದುಬಿಟ್ಟಳು. ವಾಸನೆ ಹಾಗೇ ಇದೆಯಂತೆ.

ಎದುರು ಮನೆಯ ಅಂಕಲ್ ಜೀವಮಾನವೆಲ್ಲ ಗಲ್ಫಿನ ಎಣ್ಣೆ ಕಂಪನಿಯೊಂದರಲ್ಲಿ ದುಡಿದು ಊರಿಗೆ ಮರಳಿದವರು. ಪೆಟ್ರೋಲಿನ ವಿಷಯಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಕರೆದುಕೊಂಡು ಬಂದೆ. ಅವರು ಹಿಂದಿನ ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಪ್ರಾರ್ಥನೆಗೆ ಕುಳಿತವರಂತೆ ಬಹಳ ಹೊತ್ತು ಉಸಿರೆಳೆದರು.

“ನನಗೆ ಎಂತ ವಾಸನೆಯೂ ಇಲ್ಲ,” ಎಂದರು ಇಳಿಯುತ್ತ. “ಆದ್ರೆ ನನ್ನ ಮಾತು ನಂಬಬೇಡಿ. ನಮ್ಮ ಮನೆಯಲ್ಲಿ ಮೀನು ಕರಟಿದ್ರೂ ನನಗೆ ಗೊತ್ತಾಗುವುದು ಹೊಗೆ ಕಂಡ ಮೇಲೆಯೇ.”

ಇದನ್ನೆಲ್ಲ ಮನೆಯ ಮುಂದಿನ ಸಿಟೌಟಿನಲ್ಲಿ ಕುಳಿತು ನೋಡುತ್ತಿದ್ದವಳು ನನ್ನ ಅಮ್ಮ. ಮಕ್ಕಳ ವಿಷಯ ನಮ್ಮಲ್ಲಿ ಕೇಳುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. ಆ ವಾರ ಸೊಸೆ ಬಂಗುಡೆ ಮೀನಿನ ಸಾರಿನ ಬಟ್ಟಲನ್ನು ದೂರ ಸರಿಸಿದಳು, ನನ್ನ ಶೇವಿಂಗ್ ಕ್ರೀಮಿನ ವಾಸನೆಗೆ ಬಚ್ಚಲಿನಿಂದ ಓಡಿ ಬಂದಳು. ಅಮ್ಮ ಬಟ್ಟಲು ಎತ್ತಿಡುತ್ತ ಮೆಲ್ಲಗೆ ಹೇಳಿದಳು: “ಕಾರಿಗೆ ಎಂತ ಆಗ್ಲಿಲ್ಲ. ನೀನು ಒಮ್ಮೆ ಡಾಕ್ಟರ ಹತ್ರ ಹೋಗಿ ಬಾ ಮಾರಾಯ್ತಿ.”

ಡಾಕ್ಟರರ ಕೋಣೆಯಿಂದ ಹೊರಗೆ ಬಂದ ಮೇಲೆ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಎರಡೂ ಒಟ್ಟಿಗೆ. ನಾನು ಕಾರು ಹೊರಡಿಸಿದವನು ಸಿಗ್ನಲಿನಲ್ಲಿ ಎರಡು ಸಲ ಎಂಜಿನ್ ಆಫ್ ಮಾಡಿಕೊಂಡೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದರೆ ಅವನಿಗೆ ಕೈ ಬೀಸಿದೆ. ಮನೆಯ ದಾರಿ ತಪ್ಪಿಸಿಕೊಂಡು ಮುಂದೆ ಹೋಗಿ ತಿರುಗಿಸಿಕೊಂಡು ಬಂದೆವು. ಆ ನಗುವಿನ ನಡುವೆಯೇ ಅವಳು ಕಿಟಕಿ ಇಳಿಸಿ, “ಆದ್ರೂ ಪೆಟ್ರೋಲ್ ವಾಸನೆ ಬರ್ತಾ ಉಂಟು,” ಎಂದಳು.

ಈಗ ಅವಳ ಮಾತನ್ನು ಯಾರೂ ಕೇಳುವಂತಿರಲಿಲ್ಲ. ಬಸುರಿಯ ಮೂಗು ಹಾಗೆಯೇ ಎಂದು ಅಮ್ಮ ಸಮಾಧಾನ ಹೇಳಿದಳು. ಅಕ್ಕ ಫೋನಿನಲ್ಲಿ ಅದನ್ನೇ ಹೇಳಿದಳು. ನಾನೂ ತಲೆಯಾಡಿಸಿದೆ. ಹೆಂಡತಿಗೆ ಸಿಟ್ಟು ಬಂತು.

“ಮಗು ಇರುವುದೂ ನಿಜ, ವಾಸನೆ ಬರುವುದೂ ನಿಜ. ಎರಡೂ ಒಟ್ಟಿಗೆ ನಿಜ ಆಗ್ಲಿಕ್ಕೆ ಆಗುದಿಲ್ವಾ?”

ಅವಳ ಬಳಿ ಲೆಕ್ಕಾಚಾರವೂ ಇತ್ತು. ಟ್ಯಾಂಕು ಅರ್ಧ ಇದ್ದಾಗ ವಾಸನೆ ಅಷ್ಟಿಲ್ಲ. ತುಂಬಿಸಿದ ದಿನ, ಅದರಲ್ಲೂ ಏರು ಹತ್ತುವಾಗ, ತಡೆಯಲಾಗುವುದಿಲ್ಲ. ಇದನ್ನು ಕೇಳಿದ ಅಂಕಲ್ ನೆಟ್ಟಗಾದರು. ಹಾಗಾದರೆ ಎಂಜಿನ್ ಕಡೆ ಹುಡುಕಿ ಪ್ರಯೋಜನವಿಲ್ಲ, ಸೋರುವುದು ಹಿಂದೆ, ಟ್ಯಾಂಕಿನ ಮೇಲುಭಾಗದಲ್ಲಿ ಎಲ್ಲೋ ಎಂದರು.

ಭಾನುವಾರ ಟ್ಯಾಂಕು ತುಂಬಿಸಿ ತಂದು, ನಮ್ಮ ಓಣಿಯ ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟೆವು. ಹತ್ತಿರ ಯಾರೂ ಕಸಕ್ಕೆ ಬೆಂಕಿ ಹಾಕದ ಹಾಗೆ ಅಂಕಲ್ ಕಾವಲು ನಿಂತರು. ಹೆಂಡತಿಯನ್ನು ಕಾರಿನ ಹತ್ತಿರ ಬಿಡಲು ಅಮ್ಮ ಒಪ್ಪಲಿಲ್ಲ. ಮೂಗು ಇರುವವಳು ಸಿಟೌಟಿನಲ್ಲಿ, ಸೋರುವುದು ಓಣಿಯಲ್ಲಿ. ಕೊನೆಗೆ ನನ್ನ ಹಳೆಯ ಬನಿಯನ್ ಹರಿದು ಚೂರು ಮಾಡಿಕೊಂಡು ನಾನೇ ಕಾರಿನ ಕೆಳಗೆ ತೂರಿಕೊಂಡೆ. ಒಂದೊಂದು ಜಾಗವನ್ನು ಒಂದೊಂದು ಚೂರಿನಿಂದ ಒರೆಸುವುದು, ಓಡಿಹೋಗಿ ಅವಳ ಮುಂದೆ ಹಿಡಿಯುವುದು. ಅವಳು ದೂರದಿಂದಲೇ ಮೂಸಿ ತೀರ್ಪು ಕೊಡುತ್ತಿದ್ದಳು. ಇದು ಆಯಿಲ್. ಇದು ಬರೀ ಕೆಸರು. ಇದಕ್ಕೆ ಬೆಕ್ಕಿನ ವಾಸನೆ. ಅಮ್ಮ ನಗು ತಡೆಯಲಾರದೆ ಕೈ ಒರೆಸುವ ಬೈರಾಸಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಬೆನ್ನಿಡೀ ಕೆಂಪು ಮಣ್ಣು, ಗೇಟಿನಲ್ಲಿ ಅಕ್ಕಪಕ್ಕದವರು.

ಹಿಂದಿನ ಚಕ್ರದ ಮೇಲೆ, ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಒರೆಸಿದ ಚೂರನ್ನು ತಂದೆ. ನಾನಿನ್ನೂ ಮೆಟ್ಟಿಲು ಹತ್ತಿರಲಿಲ್ಲ. ಅವಳು ಕೈ ಚಾಚಿ ಅದನ್ನು ತೋರಿಸಿ, ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಒಳಗಿನಿಂದ ವಾಂತಿಯ ಸದ್ದು, ಅದರ ಹಿಂದೆಯೇ ಗೆದ್ದವಳ ಸ್ವರ: “ಅದೇ. ಅದೇ ಪೈಪ್.”

ಅಂಕಲ್ ಟಾರ್ಚ್ ಹಿಡಿದು ಪೈಪನ್ನು ಬೆರಳಿನಿಂದ ಬಗ್ಗಿಸಿದರು. ರಬ್ಬರು ಒಡೆದ ಹಿಮ್ಮಡಿಯ ಹಾಗೆ ಬಿರಿದಿತ್ತು, ಬಿರುಕಿನಲ್ಲಿ ತೆಳ್ಳಗೆ ಪಸೆ. ಟ್ಯಾಂಕು ತುಂಬಿ ಗಾಡಿ ಓರೆಯಾದರೆ ಮಾತ್ರ ಪೆಟ್ರೋಲ್ ಅಲ್ಲಿಯವರೆಗೆ ಬರುತ್ತಿತ್ತು. ಅವರು ಸಿಟೌಟಿನ ಕೆಳಗೆ ಬಂದು ನನ್ನ ಹೆಂಡತಿಯ ಮುಂದೆ ತಲೆ ಬಾಗಿಸಿ, ತಾವಿದ್ದ ಕಂಪನಿಯಲ್ಲಿ ಇಂಥ ಒಂದು ಮೂಗು ಇರುತ್ತಿದ್ದರೆ ಸೋರಿಕೆ ಹಿಡಿಯುವ ಎಷ್ಟೋ ಮೀಟರುಗಳು ಬೇಕಿರಲಿಲ್ಲ ಎಂದರು. ಅವಳು ಮುಖ ಒರೆಸಿಕೊಳ್ಳುತ್ತ ರಾಣಿಯಂತೆ ಕುಳಿತಿದ್ದಳು.

ಗ್ಯಾರೇಜಿನಲ್ಲಿ ಪೆಟ್ರೋಲ್ ಇಳಿಸಿ, ಹೊಸ ಪೈಪು ಹಾಕಿ, ಎರಡೂ ತುದಿಗೆ ಕ್ಲ್ಯಾಂಪ್ ಬಿಗಿದುಕೊಟ್ಟರು. ಟ್ಯಾಂಕು ಮತ್ತೆ ತುಂಬಿಸಿ ನಾವು ಸುರತ್ಕಲ್ ಕಡೆ ಹೊರಟೆವು. ಅಮ್ಮ ಮತ್ತು ಅಂಕಲ್ ಹಿಂದೆ ಕುಳಿತರು. ದಾರಿಯಲ್ಲಿ ಸಿಕ್ಕಿದ ಏರನ್ನೆಲ್ಲ ಬೇಕೆಂದೇ ಹತ್ತಿಸಿದೆ, ಹೆಂಡತಿ ಕಣ್ಣು ಮುಚ್ಚಿ ಮೂಸುತ್ತಲೇ ಇದ್ದಳು. ಎಲ್ಲಾ ಗಾಜು ಏರಿಸಿಯೂ ಏನೂ ಬರಲಿಲ್ಲ. ಸಮುದ್ರದ ಬದಿಯಲ್ಲಿ ನಿಲ್ಲಿಸಿದಾಗ ಅವಳು ಇಳಿದು ಗಾಳಿಯನ್ನು ಎದೆ ತುಂಬ ಎಳೆದುಕೊಂಡಳು. ಎಲ್ಲೋ ಹತ್ತಿರ ಜೋಳ ಸುಡುತ್ತಿದ್ದಾರೆ, ನನಗೆ ಬೇಕು ಎಂದಳು. ಕಣ್ಣಿಗೆ ಕಾಣುವಷ್ಟು ದೂರ ಜೋಳದ ಗಾಡಿ ಇರಲಿಲ್ಲ. ನಾನು ಪರ್ಸ್ ತೆಗೆದುಕೊಂಡು ಅವಳು ಬೆರಳು ತೋರಿಸಿದ ದಿಕ್ಕಿಗೆ ನಡೆದೆ.