ರಜಿಯಾಬಿ ಮುಚ್ಚಿದ ಸೆಟ್ಟುಗಳು

ನವಲಗುಂದದಲ್ಲಿ ಜಮಖಾನೆ ನೇಯುವವರು ಹೆಂಗಸರು. ಹಳೆಯ ಮನೆಗಳಲ್ಲಿ ಈ ಕಸುಬನ್ನು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ಮಗಳು ಇನ್ನೊಂದು ಮನೆಗೆ ಹೋಗುವವಳು. ಕಸುಬು ಅವಳ ಬೆನ್ನು ಹತ್ತಿ ಹೋಗಬಾರದು.

ರಜಿಯಾಬಿ ಹದಿನೇಳನೇ ವಯಸ್ಸಿಗೆ ಸೊಸೆಯಾಗಿ ಬಂದವರು. ಅತ್ತೆ ಕಲಿಸಿದ್ದರಲ್ಲಿ ಬಹಳ ಗುಟ್ಟಿನದು ದಾರದ ತುದಿಯನ್ನು ಅಡಗಿಸುವ ರೀತಿ. ಬಣ್ಣ ಬದಲಾಗುವಲ್ಲಿ ತುದಿಯನ್ನು ಎಡಕ್ಕೆ ಎರಡು ಸಲ ಮಡಚಿ ಒಳಗೆ ಸೇರಿಸಬೇಕು. ಒಂದೊಂದು ಮನೆಗೆ ಒಂದೊಂದು ಮಡಿಕೆ. ಪಕ್ಕದ ಮನೆಯದು ಹೇಗೆಂದು ಯಾರೂ ಕೇಳುವುದಿಲ್ಲ. ನಲವತ್ತು ವರ್ಷ ಹೀಗೆ ಮಡಚಿದ ಅವರಿಗೆ ಈಗ ಐವತ್ತೆಂಟು.

2022ರ ಬೇಸಿಗೆಯಲ್ಲಿ ಹುಬ್ಬಳ್ಳಿ ರಸ್ತೆಯ ಹಳೆಯ ಹತ್ತಿ ಗೋದಾಮಿಗೆ ಇಬ್ಬರು ಗಂಡಸರು ಬಂದರು. ಜಮಖಾನೆ ನೇಯುವವರೇ ಬೇಕು ಎಂದರು. ಹೆಸರು ಕೇಳಲಿಲ್ಲ, ಬೆರಳು ನೋಡಿದರು. ಒಂಬತ್ತು ಹೆಂಗಸರನ್ನು ಆರಿಸಿ ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟರು. ರಜಿಯಾಬಿ ಏಳು. ಅದೇ ಓಣಿಯ ಜಮೀಲಾಬಿ ಎಂಟು.

ಡಬ್ಬಿಗಳಲ್ಲಿ ಹೊಸ ವಾಕಿಟಾಕಿಗಳು ಬರುತ್ತಿದ್ದವು. ಡಬ್ಬಿಯ ಮುದ್ರೆ ಹರಿಯದಂತೆ ಬಿಡಿಸಿ, ಸೆಟ್ಟಿನ ಬ್ಯಾಟರಿ ತೆಗೆದು, ಆ ಗಂಡಸರು ಕೊಟ್ಟ ಇನ್ನೊಂದು ಬ್ಯಾಟರಿಗೆ ತೆಳುವಾದ ಪಟ್ಟಿ ಸುತ್ತಿ ಅಲ್ಲಿ ಕೂರಿಸಬೇಕು. ಮತ್ತೆ ಮುದ್ರೆ ಹಚ್ಚಬೇಕು. ತೆಗೆದ ಬ್ಯಾಟರಿಗೂ ಇಟ್ಟ ಬ್ಯಾಟರಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಕತ್ತರಿಸಿ ಬಿದ್ದ ಪಟ್ಟಿಯ ಚೂರುಗಳನ್ನೂ ಸಂಜೆ ಆರಿಸಿಕೊಂಡು ಹೋಗುತ್ತಿದ್ದರು.

“ಹಳೇದನ್ನ ಹೊಸದು ಮಾಡೋದು ನೋಡೇನ್ರಿ. ಹೊಸದನ್ನ ಬಿಚ್ಚಿ ಮತ್ತ ಹೊಸದು ಮಾಡೋದು ಅಲ್ಲೇ ನೋಡಿದ್ದು,” ಎನ್ನುತ್ತಾರೆ ರಜಿಯಾಬಿ.

ಪಟ್ಟಿಯ ತುದಿಯನ್ನು ನೆಟ್ಟಗೆ ಕತ್ತರಿಸಿ ಅಂಟಿಸಬೇಕು, ಕೈಯ ಗುರುತು ಉಳಿಯಬಾರದು ಎಂದು ಅಪ್ಪಣೆ ಇತ್ತು. ಅವರ ಬೆರಳು ಕೇಳಲಿಲ್ಲ. ತುದಿ ಸಿಕ್ಕಲ್ಲೆಲ್ಲ ಎಡಕ್ಕೆ ಎರಡು ಸಲ ಮಡಚಿ ಒಳಗೆ ಸೇರಿಸಿತು. ಮೂರನೇ ದಿನ ಅದು ತಮಗೇ ಗೊತ್ತಾದಾಗ ಹೇಳಲು ಹೆದರಿಕೆಯಾಯಿತು. ಹಾಗೆಯೇ ಮುಂದುವರಿಸಿದರು.

ಇಪ್ಪತ್ತಾರನೇ ದಿನ ಹೋದರೆ ಗೋದಾಮು ಖಾಲಿ. ನೆಲ ತೊಳೆದಿತ್ತು, ಇನ್ನೂ ಆರಿರಲಿಲ್ಲ. ಇಲ್ಲಿ ಏನೂ ನಡೆದಿಲ್ಲ ಎಂದು ಒಂಬತ್ತು ಜನರಿಂದಲೂ ಹಿಂದಿನ ದಿನವೇ ಮಾತು ತೆಗೆದುಕೊಂಡಿದ್ದರು.

2024ರ ಸೆಪ್ಟೆಂಬರಿನಲ್ಲಿ ಸೊಸೆ ಖುಷ್ಬೂ ಮೊಬೈಲಿನಲ್ಲಿ ಸುದ್ದಿ ತೋರಿಸಿದಳು. ಲೆಬನಾನಿನಲ್ಲಿ ಜನರ ಕೈಯಲ್ಲಿ, ಸೊಂಟದಲ್ಲಿ ಇದ್ದ ಪೇಜರುಗಳು ಸಿಡಿದಿದ್ದವು, ಮರುದಿನ ವಾಕಿಟಾಕಿಗಳು. ಸರಕು ಗಿರಾಕಿಯನ್ನು ಮುಟ್ಟುವ ಮೊದಲೇ ಅದರೊಳಗೆ ಸಿಡಿಮದ್ದು ಸೇರಿತ್ತು ಎಂದು ಸುದ್ದಿ ಹೇಳುತ್ತಿತ್ತು. ರಜಿಯಾಬಿ ಆ ದಿನ ಊಟ ಮಾಡಲಿಲ್ಲ. ತಾವು ಸುತ್ತಿದ ಬ್ಯಾಟರಿಗಳಲ್ಲಿ ಏನಿತ್ತು, ಅವು ಎಲ್ಲಿಗೆ ಹೋದವು, ಅವರಿಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಮಗ ಸಲೀಮ್ ಅಣ್ಣಿಗೇರಿ ಕಡೆಯ ಗಾಳಿಯಂತ್ರಗಳ ಕಾವಲುಗಾರ. ಈ ಜನವರಿಯಲ್ಲಿ ಅವನಿಗೆ ಕೆಲಸದ ಜಾಗದಲ್ಲಿ ಹೊಸ ವಾಕಿಟಾಕಿ ಕೊಟ್ಟರು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇಟ್ಟ. ರಜಿಯಾಬಿಗೆ ಆಕಾರ ಗುರುತು ಸಿಕ್ಕಿತು. ಹಿಂದಿನ ಮುಚ್ಚಳ ಸರಿಸಿದರು. ಪಟ್ಟಿಯ ತುದಿ ಎಡಕ್ಕೆ ಎರಡು ಸಲ ಮಡಚಿತ್ತು.

“ಇದನ್ನ ಮುಟ್ಟಬ್ಯಾಡ.”

“ಎರಡಕ್ಕ ಡ್ಯೂಟಿ ಐತಿ ಅಮ್ಮಾ, ಕೊಡಿಲ್ಲೆ.”

“ಇದನ್ನ ಮುಚ್ಚಿದಾಕಿ ನಾನ.”

ಸಲೀಮ್ ನಕ್ಕ. “ಜಮಖಾನಿ ಬಿಟ್ಟು ಫ್ಯಾಕ್ಟರಿ ಯಾವಾಗ ಚಾಲೂ ಮಾಡಿದಿ?”

ಕೊಟ್ಟ ಮಾತು ಮುರಿದು ರಜಿಯಾಬಿ ಎಲ್ಲವನ್ನೂ ಹೇಳಿದರು. ಅವನ ನಗು ನಿಂತಿತು. ಇಬ್ಬರೂ ಸೂಪರ್‌ವೈಜರ್ ಪುಂಡಲೀಕನ ಕಚೇರಿಗೆ ಹೋದರು.

“ಏನ್ ಚಾಚಿ, ಬ್ಯಾಟರಿ ಮ್ಯಾಲೆ ನಿಮ್ಮ ಹೆಸರ ಬರದೈತೇನು?” ಎಂದ ಪುಂಡಲೀಕ. ಮುಂಬೈ ಹರಾಜಿನಲ್ಲಿ ಬಂದ ಈ ಸೆಟ್ಟುಗಳನ್ನು ಹುಬ್ಬಳ್ಳಿಯ ವ್ಯಾಪಾರಿಯಿಂದ ಕೊಂಡದ್ದು ಅವನೇ.

ಹೊಟ್ಟೆಯ ಮಗಳು ರೇಷ್ಮಾಗೂ ತೋರಿಸದಿದ್ದ ಮಡಿಕೆಯನ್ನು ರಜಿಯಾಬಿ ಕಚೇರಿಯಲ್ಲಿದ್ದ ಗಂಡಸರೆಲ್ಲರ ಮುಂದೆ ಬಿಡಿಸಿ ತೋರಿಸಿದರು. ನಲವತ್ತು ಸೆಟ್ಟುಗಳ ಮುಚ್ಚಳ ತೆಗೆದು ನೋಡಿದರು. ಹನ್ನೊಂದರಲ್ಲಿ ಆ ಮಡಿಕೆ ಇತ್ತು.

“ಹನ್ನೊಂದು ಬಾಜೂಕ ಇಡೂಣು,” ಎಂದ ಪುಂಡಲೀಕ, ದನಿ ತಗ್ಗಿಸಿ. “ಉಳದವು ಚಲೋ ಅದಾವಲ್ಲ?”

“ಗೊತ್ತಿಲ್ರಿ. ಗೋದಾಮಿನಾಗ ಕುಂತ ಉಳದ ಎಂಟು ಮಂದಿ ಕೈ ನನಗ ಗೊತ್ತಿಲ್ಲ.”

ಪೊಲೀಸರು ಬಂದು ಹನ್ನೊಂದನ್ನು ಒಯ್ದರು. ಅವುಗಳಲ್ಲಿ ಏನಿತ್ತೆಂದು ಈವರೆಗೆ ಹೇಳಿಲ್ಲ. ಗೋದಾಮಿನ ಮಾಲೀಕನನ್ನು ಕೇಳಿದರೆ, ಆ ವರ್ಷವಿಡೀ ಬೀಗವೇ ತೆಗೆದಿಲ್ಲ ಎಂದ. ಸಲೀಮನಿಗೆ ಉಳಿದ ಇಪ್ಪತ್ತೊಂಬತ್ತರಲ್ಲಿ ಒಂದನ್ನು ಕೊಟ್ಟರು. ರಜಿಯಾಬಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಜಮೀಲಾಬಿಯ ಮನೆಗೆ ಹೋದರು.

ಜಮೀಲಾಬಿ ಮಗ್ಗದ ಮುಂದಿದ್ದರು. ನೆಲದ ಮೇಲೆ ಮೊಮ್ಮಗಳು ದಾರದ ಉಂಡೆ ಉರುಳಿಸುತ್ತಿದ್ದಳು. ರಜಿಯಾಬಿ ಸೆಟ್ಟನ್ನು ನೆಲಕ್ಕಿಟ್ಟು ಮುಚ್ಚಳ ಸರಿಸಿದರು.

“ಆಪಾ, ಒಮ್ಮೆ ನೋಡು. ಇದು ನಿನ್ನ ಕೈದೋ ಅಲ್ಲೋ, ಅಷ್ಟ ಹೇಳು.”

“ಎಲ್ಲಿ ಕೈ? ಏನ್ ಮಾತಾಡಾಕತ್ತೀ?”

“ಗೋದಾಮಿನಾಗ ನನ್ನ ಬಾಜೂಕ ಕುಂತಿದ್ದಿ. ಇಪ್ಪತ್ತೈದು ದಿನ.”

“ನಾ ಮನಿ ಬಿಟ್ಟು ಎಲ್ಲೆ ಹೋಗೇನಿ ಬೇ? ಬಿಸಿಲಾಗ ತಿರಗಿ ತಲಿ ಕೆಟ್ಟೈತಿ ನಿಂದು.”

ಹೇಳುತ್ತಲೇ ಜಮೀಲಾಬಿ ಕಾಲು ಚಾಚಿ, ಸೆಟ್ಟಿನ ಕಡೆಗೆ ಅಂಬೆಗಾಲಿಡುತ್ತಿದ್ದ ಕೂಸನ್ನು ತಡೆದರು. ಎತ್ತಿ ಮಡಿಲಿಗೆ ಹಾಕಿಕೊಂಡು ಗೋಡೆಯವರೆಗೆ ಹಿಂದೆ ಸರಿದರು. ಸೆಟ್ಟಿನ ಕಡೆ ಒಮ್ಮೆಯೂ ನೋಡಲಿಲ್ಲ.

ರಜಿಯಾಬಿ ಮನೆಗೆ ಬಂದು ಮಗನಿಗೆ ಕಂಡದ್ದನ್ನು ಹೇಳಿದರು. ಸಲೀಮ್ ಸೆಟ್ಟನ್ನು ಹಿಂದಿರುಗಿಸಿ ಕೆಲಸ ಬಿಟ್ಟ. ಈಗ ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಾನೆ.

ಆ ಸೆಟ್ಟು ಅವನ ಜಾಗಕ್ಕೆ ಬಂದ ಬೀರೇಶನ ಸೊಂಟದಲ್ಲಿದೆ. ರಜಿಯಾಬಿ ಬಸ್ಸು ಹತ್ತಿ ಹೋಗಿ ಅವನಿಗೂ ಎಲ್ಲ ಹೇಳಿದರು. ಅವನು ಕೊನೆಯವರೆಗೆ ಕೇಳಿದ.

“ಎರಡ ತಿಂಗಳಾತಲ್ಲ ಚಾಚಿ,” ಎಂದ. “ಇನ್ನೂ ಏನೂ ಆಗಿಲ್ಲ.”